ಡಿ ಆ್ಯಂಡ್ ಡಿ: ಹೊಸ ಪುಸ್ತಕ ಕೊಳ್ಳಬೇಕಾ, ಇರೋದೇ ಸಾಕಾ?

ಪ್ರಶ್ನೆ: ನಾವು ಐದು ಜನ ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಸೇರಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಡಿ ಆ್ಯಂಡ್ ಡಿ) ಆಡುತ್ತೇವೆ. ಇದರಲ್ಲಿ ಒಬ್ಬರು ಡಂಜನ್ ಮಾಸ್ಟರ್ (ಡಿಎಂ) ಆಗಿ ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿದು ದಾಳ ಹಾಕಿ ಆಡುತ್ತಾರೆ. ಐದನೇ ಆವೃತ್ತಿಯ 2014ರ ಪುಸ್ತಕಗಳು ನಮ್ಮಲ್ಲಿವೆ. ಅದೇ ಆವೃತ್ತಿಯನ್ನು ತಿದ್ದಿದ 2024ರ ಹೊಸ ಸೆಟ್ ತಗೊಳ್ಳೋಣ ಅಂತ ಇಬ್ಬರು ಹಟ ಹಿಡಿದಿದ್ದಾರೆ. ಆಟಗಾರರಿಗೆ ಪ್ಲೇಯರ್ಸ್ ಹ್ಯಾಂಡ್‌ಬುಕ್, ಡಿಎಂಗೆ ಡಂಜನ್ ಮಾಸ್ಟರ್ಸ್ ಗೈಡ್, ಎದುರಾಗುವ ಪ್ರಾಣಿಗಳಿಗೆ ಮಾನ್‌ಸ್ಟರ್ ಮ್ಯಾನ್ಯುಯಲ್, ಮೂರೂ ಪುಸ್ತಕ ಸೇರಿದರೆ ದುಡ್ಡು ಜಾಸ್ತಿ. ಹಳೆಯ ಆಟಗಾರರನ್ನು ಕೇಳಿದರೆ ಹೊಸ ಪುಸ್ತಕಗಳಲ್ಲಿ ದಮ್ ಇಲ್ಲ, ಯಾರೂ ಸಾಯೋದೇ ಇಲ್ಲ ಅಂತಾರೆ. ನಿಜ ಹೇಳಬೇಕೆಂದರೆ ನಮ್ಮ ಆಟವೂ ಈಚೆಗೆ ಸಪ್ಪೆಯಾಗಿದೆ. ಒಂದು ಫೈಟ್, ಒಂದು ಲಾಂಗ್ ರೆಸ್ಟ್ (ರಾತ್ರಿಯಿಡೀ ವಿಶ್ರಾಂತಿ), ಮತ್ತೆ ಒಂದು ಫೈಟ್. ಮೊದಲಿನಿಂದ ಆಡಿದವರು ನೀವು. ಏನಂತೀರಿ?

ಉತ್ತರ: ಮೂರೂ ಬೇಡ. ತೀರಾ ಆಸೆಯಿದ್ದರೆ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಒಂದನ್ನು ಐವರೂ ಸೇರಿ ಕೊಳ್ಳಿ. ಅದೂ ಬೇಡ ಅನ್ನಿಸಿದರೆ ಬಿಡಿ, ಹೊಸ ನಿಯಮಗಳ ಮುಖ್ಯ ಭಾಗ ಪುಕ್ಕಟೆ ಸಿಗುತ್ತದೆ. ಆದರೆ ನಿಮ್ಮ ಆಟ ಸಪ್ಪೆಯಾಗಿದೆ ಅಂದಿರಲ್ಲ, ಅದಕ್ಕೆ ಮದ್ದು ಹೊಸ ಮೂರು ಪುಸ್ತಕಗಳಲ್ಲಿ ಇಲ್ಲ. 1981ರಲ್ಲಿ ಬಂದ 64 ಪುಟದ, ಬೇಸಿಕ್ ಅನ್ನುವ ಒಂದು ತೆಳ್ಳನೆ ನಿಯಮ ಪುಸ್ತಕದಲ್ಲಿದೆ. ಅದು ಯಾಕೆ ಅಂತ ಹೇಳೋಕೆ ಸ್ವಲ್ಪ ಜಾಗ ಬೇಕು.

ನಾನೂ ಹಳಬನೇ. ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಓದುವಾಗ ಅಂಟಿಕೊಂಡ ಚಟ ಇದು. ಹಾಗಂತ ಹಳೆಯದೆಲ್ಲ ಚಿನ್ನ ಅನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕಗಳಿದ್ದವು. ಅವನ್ನು ಓದಿ ಆಡೋಕೆ ಹೊರಟರೆ ಇನ್ನೊಂದು ಯುದ್ಧದಾಟದ ನಿಯಮ ಪುಸ್ತಕ ಬೇಕು, ಬೇರೆ ಕಂಪನಿಯ ಒಂದು ಬೋರ್ಡ್ ಗೇಮೂ ಬೇಕು ಅಂತ ಅದರಲ್ಲೇ ಬರೆದಿತ್ತು. 1979ರ ಡಂಜನ್ ಮಾಸ್ಟರ್ಸ್ ಗೈಡ್ ಓದೋಕೆ ಮಜಾ ಇದೆ, ಒಪ್ಪುತ್ತೇನೆ. ಆದರೆ ಬೇಕಾದ ನಿಯಮ ಬೇಕಾದ ಹೊತ್ತಿಗೆ ಸಿಕ್ಕಿದರೆ ಅದು ನಿಮ್ಮ ಪುಣ್ಯ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಹೆಣ್ಣು ಪಾತ್ರದ ಶಕ್ತಿಗೆ ಗಂಡಿಗಿಂತ ಕಡಿಮೆ ಮಿತಿ ಹಾಕಿದ್ದರು. ಆರ್ಮರ್ ಕ್ಲಾಸ್ (ಏಟು ತಗುಲದ ಹಾಗೆ ಕಾಯುವ ಅಂಕಿ) ಕಡಿಮೆಯಾದಷ್ಟೂ ಒಳ್ಳೆಯದು ಅನ್ನುವ ತಲೆಕೆಳಗಾದ ಲೆಕ್ಕ 2000ನೇ ಇಸವಿಯ ಮೂರನೇ ಆವೃತ್ತಿ ಬರುವವರೆಗೂ ನಡೆಯಿತು. ಅದು ಹೋಗಿದ್ದಕ್ಕೆ ನಾನು ಕಣ್ಣೀರು ಹಾಕಿಲ್ಲ.

ಈಗ ಹಳಬರ ದೂರಿಗೆ ಬರೋಣ. "ಯಾರೂ ಸಾಯೋದೇ ಇಲ್ಲ" ಅನ್ನೋದು ಸುಳ್ಳಲ್ಲ. 1981ರ ಬೇಸಿಕ್ ನಿಯಮದಲ್ಲಿ ಹಿಟ್ ಪಾಯಿಂಟ್ (ಪಾತ್ರದ ಜೀವದ ಅಂಕಿ) ಸೊನ್ನೆಗೆ ಬಂದರೆ ಕತೆ ಮುಗಿಯಿತು. ಮೊದಲ ಲೆವೆಲ್ಲಿನ ಮಾಂತ್ರಿಕನಿಗೆ ನಾಲ್ಕು ಮುಖದ ದಾಳ ಒಂದು ಸಲ ಹಾಕಿ ಬಂದಷ್ಟು ಹಿಟ್ ಪಾಯಿಂಟ್. ಒಂದು ಬಂದರೆ ಒಂದು. ದಿನಕ್ಕೆ ಒಂದೇ ಮಂತ್ರ. ಐದನೇ ಆವೃತ್ತಿಯಲ್ಲಿ ಸೊನ್ನೆಗೆ ಬಿದ್ದವನು ಮೂರು ಡೆತ್ ಸೇವ್ (ಬದುಕಲು ಹಾಕುವ ದಾಳ) ಸೋಲುವವರೆಗೆ ಬದುಕಿರುತ್ತಾನೆ. ಅಷ್ಟರಲ್ಲಿ ಯಾರಾದರೂ ದೂರದಿಂದಲೇ ಹೀಲಿಂಗ್ ವರ್ಡ್ ಅನ್ನುವ ಗಾಯ ಮಾಯಿಸುವ ಮಂತ್ರ ಹೇಳಿ ಎಬ್ಬಿಸುತ್ತಾರೆ. 2024ರಲ್ಲಿ ಆ ಮಂತ್ರದ ದಾಳ ಒಂದರಿಂದ ಎರಡಾಗಿದೆ. ಕ್ಯೂರ್ ವೂಂಡ್ಸ್ ಕೂಡ ಹಾಗೆಯೇ. ರಾತ್ರಿ ನಿದ್ದೆ ಮಾಡಿ ಎದ್ದರೆ ಮೈಯೆಲ್ಲ ಹೊಸದು.

ಆದರೆ ಆಟದ ಜೀವ ಸಾವಿನಲ್ಲಿತ್ತು ಅನ್ನೋದನ್ನು ನಾನು ಒಪ್ಪೋದಿಲ್ಲ. ಪಾತ್ರ ಸತ್ತಾಗ ಆಡುವವನು ಹತ್ತು ನಿಮಿಷ ಮೂಲೆಯಲ್ಲಿ ಕೂತು ಹೊಸ ಹಾಳೆ ತುಂಬುತ್ತಿದ್ದ, ಅಷ್ಟೇ. ಅದರಲ್ಲಿ ದೊಡ್ಡ ರೋಮಾಂಚನವೇನೂ ಇರಲಿಲ್ಲ. ಹಳೆಯ ಆಟವನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಒಂದು ಫೈಟಿಗೂ ಇನ್ನೊಂದು ಫೈಟಿಗೂ ನಡುವೆ ಏನು ನಡೆಯುತ್ತದೆ ಅನ್ನುವುದಕ್ಕೆ ಅದರಲ್ಲಿ ಖಚಿತವಾದ ನಿಯಮಗಳಿದ್ದವು. ಹೊಸ ದಪ್ಪ ಪುಸ್ತಕಗಳು ಉಳಿದೆಲ್ಲವನ್ನೂ ಸುಧಾರಿಸಿ ಇದೊಂದನ್ನೇ ಸಡಿಲ ಬಿಟ್ಟವು.

ಒಂದು ಲೆಕ್ಕ ತೋರಿಸುತ್ತೇನೆ. 1981ರ ನಿಯಮದಲ್ಲಿ ಫೈಟರ್ (ಯೋಧ) ಎರಡನೇ ಲೆವೆಲ್ಲಿಗೆ ಹೋಗಲು 2000 ಎಕ್ಸ್‌ಪಿ (ಅನುಭವದ ಅಂಕ) ಬೇಕು. ಒಂದು ಗಾಬ್ಲಿನ್ (ಸಣ್ಣ ದುಷ್ಟ ಜೀವಿ) ಕೊಂದರೆ ಸಿಗುವುದು 5. ಅಂದರೆ ಒಬ್ಬನೇ 400 ಗಾಬ್ಲಿನ್ ಕೊಲ್ಲಬೇಕು. ಯಾರ ಕೈಲಾಗುತ್ತೆ? ಆದರೆ ಗವಿಯಿಂದ ಹೊರಗೆ ಹೊತ್ತು ತಂದ ಪ್ರತಿ ಚಿನ್ನದ ನಾಣ್ಯಕ್ಕೂ ಒಂದು ಎಕ್ಸ್‌ಪಿ. ಈಗ ಯೋಚಿಸಿ. ಗಾಬ್ಲಿನ್ ನಿಮ್ಮ ಆದಾಯ ಅಲ್ಲ, ನಿಮ್ಮ ಆದಾಯಕ್ಕೆ ಅಡ್ಡ ನಿಂತಿರುವ ತೊಂದರೆ. ಹೊಡೆದಾಡಿದರೆ ಸಿಗೋದು ಪುಡಿಗಾಸು, ಸಾಯುವ ಅಪಾಯ ಮಾತ್ರ ಪೂರ್ತಿ. ಆದ್ದರಿಂದ ಆಟಗಾರರು ತಾವಾಗಿಯೇ ಲಂಚ ಕೊಡುತ್ತಿದ್ದರು, ಸುಳ್ಳು ಹೇಳುತ್ತಿದ್ದರು, ಹಿಂಬಾಗಿಲು ಹುಡುಕುತ್ತಿದ್ದರು, ಗಾಬ್ಲಿನ್‌ಗಳನ್ನು ಪಕ್ಕದ ಗವಿಯ ಓರ್ಕ್‌ಗಳ ಮೇಲೆ ಎತ್ತಿಕಟ್ಟುತ್ತಿದ್ದರು. ಯಾವ ಡಿಎಂ ಕೂಡ "ಬುದ್ಧಿ ಉಪಯೋಗಿಸಿ ಆಡಿ" ಅಂತ ಭಾಷಣ ಮಾಡಬೇಕಿರಲಿಲ್ಲ.

ಐದನೇ ಆವೃತ್ತಿಯಲ್ಲಿ ಎರಡನೇ ಲೆವೆಲ್ಲಿಗೆ 300 ಎಕ್ಸ್‌ಪಿ ಸಾಕು. ಸಾಮಾನ್ಯ ಗಾಬ್ಲಿನ್‌ಗೆ 50. ಆರು ಗಾಬ್ಲಿನ್ ಹೊಡೆದರೆ ಮುಗಿಯಿತು. ಚಿನ್ನಕ್ಕೆ ಸೊನ್ನೆ. ಡಿಎಂ ಮನಸ್ಸು ಮಾಡಿದರೆ ಬೇರೆ ಸಾಹಸಗಳಿಗೂ ಎಕ್ಸ್‌ಪಿ ಕೊಡಬಹುದು. ಇಲ್ಲವೇ ಎಕ್ಸ್‌ಪಿ ಲೆಕ್ಕವನ್ನೇ ಬಿಟ್ಟು, ಕತೆ ಒಂದು ಹಂತ ದಾಟಿದಾಗ ಎಲ್ಲರಿಗೂ ಲೆವೆಲ್ ಕೊಡಬಹುದು. ಆಗಲಿ. ಆದರೆ ಪುಸ್ತಕದಲ್ಲಿ ನಿಖರವಾಗಿ, ಕೋಷ್ಟಕ ಹಾಕಿ, ಬೆಲೆ ಕಟ್ಟಿ ಹೇಳಿರುವುದು ಹೊಡೆದಾಟಕ್ಕೆ ಮಾತ್ರ. ಯಾವುದಕ್ಕೆ ಸಂಬಳ ಸಿಗುತ್ತದೋ ಜನ ಆ ಕೆಲಸ ಮಾಡುತ್ತಾರೆ. ನಿಮ್ಮ ಮೇಜಿನಲ್ಲಿ ನಡೆಯುತ್ತಿರುವುದೂ ಇದೇ. ನಿಮ್ಮ ಆಟಗಾರರ ತಪ್ಪಿಲ್ಲ, ಡಿಎಂ ತಪ್ಪೂ ಇಲ್ಲ.

ಇದರ ಜೊತೆಗೆ ಇನ್ನೂ ಕೆಲವು ಸಣ್ಣ ಯಂತ್ರಗಳಿದ್ದವು. ಡಂಜನ್ (ಸಾಹಸ ನಡೆಯುವ ನೆಲಮಾಳಿಗೆ, ಗವಿ) ಒಳಗೆ ಕಾಲವನ್ನು ಹತ್ತು ಹತ್ತು ನಿಮಿಷಕ್ಕೆ ಎಣಿಸಬೇಕಿತ್ತು. ಆರು ಸಲ ಎಣಿಸಿದರೆ ಒಂದು ಪಂಜು ಖಾಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಡಿಎಂ ಆರು ಮುಖದ ದಾಳ ಹಾಕುತ್ತಿದ್ದ. ಒಂದು ಬಂದರೆ ಏನೋ ಒಂದು ಪ್ರಾಣಿ ಕತ್ತಲಿನಿಂದ ಬರುತ್ತಿತ್ತು. ಅದರ ಹತ್ತಿರ ಚಿನ್ನ ಇರುವ ಸಾಧ್ಯತೆ ಕಡಿಮೆ. ಹಾಗಾಗಿ "ಈ ಗೋಡೆಯನ್ನು ಇನ್ನೊಂದು ಸಲ ತಡಕೋಣವಾ" ಅನ್ನುವುದು ನಿಜವಾದ ಪ್ರಶ್ನೆಯಾಗುತ್ತಿತ್ತು. ತಡಕಿದರೆ ಗುಪ್ತ ಬಾಗಿಲು ಸಿಗಬಹುದು, ಪಂಜು ಮಾತ್ರ ಉರಿದು ಹೋಗುತ್ತದೆ. ಈಗ 2024ರ ಹ್ಯಾಂಡ್‌ಬುಕ್ ತೆಗೆದು ನೋಡಿ. ಅದರಲ್ಲಿರುವ 10 ಸ್ಪೀಶೀಸ್‌ಗಳಲ್ಲಿ, ಅಂದರೆ ಪಾತ್ರದ ಕುಲಗಳಲ್ಲಿ, 7ಕ್ಕೆ ಡಾರ್ಕ್‌ವಿಷನ್ ಇದೆ. ಮನುಷ್ಯ, ಹಾಫ್‌ಲಿಂಗ್, ಗೋಲಿಯತ್ ಬಿಟ್ಟರೆ ಎಲ್ಲರಿಗೂ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಉಳಿದವರಿಗೆ ಲೈಟ್ ಅನ್ನುವ ಪುಕ್ಕಟೆ ಮಂತ್ರ ಇದ್ದೇ ಇದೆ. ಪಂಜಿನ ಬೆಲೆಯನ್ನು ಪುಸ್ತಕದಲ್ಲಿ ಯಾಕೆ ಇನ್ನೂ ಅಚ್ಚು ಹಾಕುತ್ತಾರೋ.

ನನಗೆ ಎಲ್ಲಕ್ಕಿಂತ ಇಷ್ಟವಾದವು ರಿಯಾಕ್ಷನ್ ಮತ್ತು ಮೊರಾಲ್. ಪ್ರಾಣಿ ಎದುರಾದಾಗ ಡಿಎಂ ಎರಡು ಆರುಮುಖದ ದಾಳ ಹಾಕುತ್ತಾನೆ. 2 ಬಂದರೆ ಅದು ನೇರವಾಗಿ ಮೇಲೆ ಬೀಳುತ್ತದೆ. 12 ಬಂದರೆ ಸ್ನೇಹಿತನಾಗುತ್ತದೆ. ನಡುವಿನ 6, 7, 8 ಬಂದರೆ ಅದಕ್ಕೂ ಏನು ಮಾಡಬೇಕು ಅಂತ ಗೊತ್ತಿಲ್ಲ, ನೋಡುತ್ತಾ ನಿಂತಿರುತ್ತದೆ. ಎರಡು ದಾಳ ಸೇರಿಸಿದಾಗ ಹೆಚ್ಚಾಗಿ ಬರುವ ಸಂಖ್ಯೆಗಳು ಇವೇ, ಅಲ್ವಾ? ಅಂದರೆ ನಿಯಮವೇ ಹೇಳುತ್ತಿದೆ: ಮೊದಲು ಮಾತು, ಆಮೇಲೆ ಕತ್ತಿ. ಮೊರಾಲ್ ಅಂದರೆ ಪ್ರತಿ ಪ್ರಾಣಿಯ ಧೈರ್ಯಕ್ಕೆ ಒಂದು ಅಂಕಿ. ಗಾಬ್ಲಿನ್‌ಗೆ 7. ಗುಂಪಿನಲ್ಲಿ ಮೊದಲನೆಯದು ಸತ್ತಾಗ ಒಂದು ಸಲ, ಅರ್ಧದಷ್ಟು ಬಿದ್ದಾಗ ಇನ್ನೊಂದು ಸಲ ಎರಡು ದಾಳ ಹಾಕಬೇಕು. 7ಕ್ಕಿಂತ ಜಾಸ್ತಿ ಬಂದರೆ ಅವು ಓಡುತ್ತವೆ ಅಥವಾ ಶರಣಾಗುತ್ತವೆ. ಜಾಂಬಿಗೆ 12, ಅದು ಓಡುವುದೇ ಇಲ್ಲ. ಫೈಟ್ ಅರ್ಧ ಗಂಟೆ ಎಳೆಯುವ ಬದಲು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಸೆರೆಸಿಕ್ಕ ಗಾಬ್ಲಿನ್ ಬಾಯಿಬಿಟ್ಟು ಮುಂದಿನ ಕತೆ ಹೇಳುತ್ತದೆ. ಐದನೇ ಆವೃತ್ತಿಯಲ್ಲಿ ಪ್ರಾಣಿಯ ಅಂಕಿಗಳನ್ನೆಲ್ಲ ಕೊಡುವ ಸ್ಟ್ಯಾಟ್ ಬ್ಲಾಕ್‌ನಲ್ಲಿ ಈ ಅಂಕಿ ಇಲ್ಲ. 2014ರ ಗೈಡಿನಲ್ಲಿ ಮೊರಾಲ್ ಬಗ್ಗೆ ಒಂದು ಐಚ್ಛಿಕ ನಿಯಮವೇನೋ ಇದೆ, ಆದರೆ ಅದು ಒಂದು ಮೂಲೆಯಲ್ಲಿ ಕೂತಿದೆ. ನಿಮ್ಮ ಮನೆಯಲ್ಲಿರುವ ಪ್ರತಿಯಲ್ಲೇ ಇದೆ, ಹುಡುಕಿ.

ಇಷ್ಟೆಲ್ಲ ಬೈದ ಮೇಲೆ ಹೊಸ ಪುಸ್ತಕಗಳ ಒಳ್ಳೆಯದನ್ನೂ ಹೇಳಬೇಕು. ಒಳ್ಳೆಯದು ಸಾಕಷ್ಟಿದೆ.

2024ರ ಹ್ಯಾಂಡ್‌ಬುಕ್ 384 ಪುಟ. 12 ಕ್ಲಾಸ್ (ಫೈಟರ್, ವಿಝರ್ಡ್ ಹೀಗೆ ಪಾತ್ರದ ಕಸುಬು), ಪ್ರತಿಯೊಂದಕ್ಕೂ 4 ಸಬ್‌ಕ್ಲಾಸ್. ಹಿಂದೆ ಕೆಲವರಿಗೆ ಮೊದಲ ಲೆವೆಲ್ಲಿನಲ್ಲೇ, ಕೆಲವರಿಗೆ ಎರಡರಲ್ಲಿ, ಉಳಿದವರಿಗೆ ಮೂರರಲ್ಲಿ ಸಬ್‌ಕ್ಲಾಸ್ ಸಿಗುತ್ತಿತ್ತು. ಈಗ ಎಲ್ಲರಿಗೂ ಮೂರನೇ ಲೆವೆಲ್. ಹೊಸಬರಿಗೆ ಇದು ದೊಡ್ಡ ಉಪಕಾರ. ಹಿಂದೆ ಒಂದೇ ಪದದ ಅರ್ಥಕ್ಕೆ ನಾಲ್ಕು ಅಧ್ಯಾಯ ತಿರುವಬೇಕಿತ್ತು, ಈಗ ಕೊನೆಯಲ್ಲಿ ಎಲ್ಲ ನಿಯಮಗಳೂ ಅಕ್ಷರಕ್ರಮದಲ್ಲಿವೆ. ವೆಪನ್ ಮಾಸ್ಟರಿ ಬಂದಿದೆ. ಫೈಟರ್ ಈಗ ಸುಮ್ನೆ "ಹೊಡೆದೆ, ಹೊಡೆದೆ" ಅನ್ನುವುದಿಲ್ಲ. ಆಯುಧಕ್ಕೆ ತಕ್ಕ ಹಾಗೆ ಎದುರಾಳಿಯನ್ನು ಬೀಳಿಸುತ್ತಾನೆ, ಹಿಂದಕ್ಕೆ ತಳ್ಳುತ್ತಾನೆ. ಮಾಂತ್ರಿಕರ ಪಕ್ಕದಲ್ಲಿ ವರ್ಷಗಟ್ಟಲೆ ಆಕಳಿಸುತ್ತಾ ಕೂತಿದ್ದ ಫೈಟರ್ ಆಟಗಾರರಿಗೆ ಇದು ಸಿಗಬೇಕಾದದ್ದೇ. ಪ್ರತಿ ಸುತ್ತೂ ಸ್ವಲ್ಪ ನಿಧಾನ ಆಗುತ್ತದೆ ಅನ್ನುವುದು ನಿಜ.

ಶಕ್ತಿ, ಬುದ್ಧಿ ಮುಂತಾದ ಎಬಿಲಿಟಿ ಅಂಕಗಳ ಬೋನಸ್ ಈಗ ಸ್ಪೀಶೀಸ್‌ನಿಂದ ಬರುವುದಿಲ್ಲ, ಬ್ಯಾಕ್‌ಗ್ರೌಂಡ್‌ನಿಂದ, ಅಂದರೆ ಪಾತ್ರದ ಹಿಂದಿನ ಬದುಕಿನಿಂದ, ಬರುತ್ತದೆ. ಓರ್ಕ್ ಅಂದಮಾತ್ರಕ್ಕೆ ದಡ್ಡ ಅಲ್ಲ. ಉದ್ದೇಶ ಸರಿಯಾಗಿದೆ, ನನಗೂ ಒಪ್ಪಿಗೆ. ಆದರೆ ಹಳೆಯ ರೋಗ ಹೊಸ ಜಾಗಕ್ಕೆ ಹೋಗಿ ಕೂತಿತು. ಫಾರ್ಮರ್ ಬ್ಯಾಕ್‌ಗ್ರೌಂಡ್ ತೆಗೆದುಕೊಂಡರೆ ಬೋನಸ್ ಸಿಗುವುದು ಶಕ್ತಿ, ಮೈಗಟ್ಟು, ವಿವೇಕ ಇವಕ್ಕೆ ಮಾತ್ರ. ಹೊಲದಲ್ಲಿ ಬೆಳೆದ ಹುಡುಗಿ ಮಾಂತ್ರಿಕಳಾಗಬೇಕು ಅಂದರೆ ಬುದ್ಧಿಗೆ ಒಂದು ಅಂಕವೂ ಇಲ್ಲ. ಹಾಗಾಗಿ ವಿಝರ್ಡ್ ಆಡುವವರೆಲ್ಲ ಸೇಜ್ (ವಿದ್ವಾಂಸ) ಆಗಿಬಿಡುತ್ತಾರೆ. ಹಿಂದೆ ಎಲ್ಲರೂ ಎಲ್ಫ್ ಆಗುತ್ತಿದ್ದರಲ್ಲ, ಹಾಗೇ. ನಿಮ್ಮದೇ ಬ್ಯಾಕ್‌ಗ್ರೌಂಡ್ ಕಟ್ಟಿಕೊಳ್ಳುವ ದಾರಿ ಡಿಎಂ ಗೈಡಿನಲ್ಲಿದೆ. ಅದನ್ನು ಮೊದಲ ದಿನವೇ ಎಲ್ಲರಿಗೂ ತೆರೆದುಬಿಡಿ.

ಹೊಸ ಡಂಜನ್ ಮಾಸ್ಟರ್ಸ್ ಗೈಡ್ 2014ರದ್ದಕ್ಕಿಂತ ಖಂಡಿತ ಉತ್ತಮ. ಹಳೆಯದು ಶುರುವಾಗುತ್ತಿದ್ದದ್ದೇ ದೇವರುಗಳನ್ನೂ ಲೋಕಗಳನ್ನೂ ಸೃಷ್ಟಿಸುವುದು ಹೇಗೆ ಅನ್ನುವುದರಿಂದ. ಶನಿವಾರ ಸಂಜೆ ನಾಲ್ಕು ಜನ ಬರುತ್ತಾರೆ, ಏನು ಮಾಡಲಿ ಅನ್ನುವವನಿಗೆ ಬ್ರಹ್ಮನ ಕೆಲಸ ಹಚ್ಚಿದ ಹಾಗೆ. ಹೊಸದು ಮೇಜು ನಡೆಸುವುದರಿಂದಲೇ ಶುರುವಾಗುತ್ತದೆ. ಐದು ಚಿಕ್ಕ ಸಾಹಸಗಳ ಮಾದರಿ ಕೊಡುತ್ತದೆ, ಗ್ರೇಹಾಕ್ ಲೋಕವನ್ನು ಉದಾಹರಣೆಯಾಗಿ ಬಿಡಿಸಿ ತೋರಿಸುತ್ತದೆ. ಬ್ಯಾಸ್ಟಿಯನ್ ಅಂತ ಹೊಸ ಭಾಗವೂ ಇದೆ. ಐದನೇ ಲೆವೆಲ್ಲಿನಿಂದ ಪ್ರತಿ ಪಾತ್ರಕ್ಕೂ ಸ್ವಂತ ಕೋಟೆಯೋ ಮಠವೋ ಸಿಗುತ್ತದೆ. ಹಳೆಯ ನಿಯಮದಲ್ಲೂ ಫೈಟರ್ ಒಂಬತ್ತನೇ ಲೆವೆಲ್ಲಿಗೆ ಬ್ಯಾರನ್ ಆಗಿ ಕೋಟೆ ಕಟ್ಟುತ್ತಿದ್ದ. ಆಗ ಸುತ್ತಲಿನ ಕಾಡು ತೆರವು ಮಾಡಬೇಕಿತ್ತು, ಜನ ಬಂದು ನೆಲೆಸುತ್ತಿದ್ದರು, ಕಂದಾಯದ ಜಗಳ ಬರುತ್ತಿತ್ತು. ಬ್ಯಾಸ್ಟಿಯನ್ ಅದಕ್ಕಿಂತ ಚೊಕ್ಕಟ. ಏಳು ದಿನಕ್ಕೊಮ್ಮೆ ಒಂದು ಆದೇಶ ಕೊಟ್ಟರೆ ಒಂದು ಲಾಭ ಕೈಗೆ ಬರುತ್ತದೆ. ಸ್ವಲ್ಪ ಮೊಬೈಲ್ ಗೇಮಿನ ವಾಸನೆ. ಆದರೂ ಇಲ್ಲದಿರುವುದಕ್ಕಿಂತ ವಾಸಿ.

ಮಾನ್‌ಸ್ಟರ್ ಮ್ಯಾನ್ಯುಯಲ್ 2025ರ ಫೆಬ್ರವರಿಯಲ್ಲಿ ಬಂತು. 500ಕ್ಕೂ ಹೆಚ್ಚು ಪ್ರಾಣಿಗಳು, ಚಿತ್ರಗಳು ಬಹಳ ಚೆನ್ನ. ಮೇಲಿನ ಲೆವೆಲ್ಲಿನ ಪ್ರಾಣಿಗಳಿಗೆ ಕೊನೆಗೂ ಹಲ್ಲು ಬಂದಿದೆ. ಆದರೆ ಪ್ರಾಣಿಯ ಬದುಕಿನ ಬಗ್ಗೆ ಓದೋಕೆ ಇರುವುದು ಕಡಿಮೆ. 1993ರ ಮಾನ್‌ಸ್ಟ್ರಸ್ ಮ್ಯಾನ್ಯುಯಲ್ ನನ್ನ ಕಪಾಟಿನಲ್ಲಿ ಇನ್ನೂ ಇದೆ. ಅದರಲ್ಲಿ ಪ್ರತಿ ಪ್ರಾಣಿ ಎಲ್ಲಿ ವಾಸಿಸುತ್ತದೆ, ಏನು ತಿನ್ನುತ್ತದೆ, ಗುಂಪು ಹೇಗೆ ಕಟ್ಟುತ್ತದೆ ಅಂತ ಬೇರೆ ಬೇರೆ ತಲೆಬರಹದಲ್ಲಿ ಬರೆದಿದ್ದಾರೆ. ಒಂದು ಪುಟ ಓದಿದರೆ ಒಂದು ಸಾಹಸ ತಾನಾಗಿ ಹೊಳೆಯುತ್ತದೆ. ಹೊಸದನ್ನು ಓದಿದರೆ ಒಂದು ಫೈಟ್ ಹೊಳೆಯುತ್ತದೆ.

ಒಂದು ಅಡ್ಡ ಮಾತು. 1977ರ ಮೊದಲ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ನಮ್ಮ ರಾಕ್ಷಸ ಇದ್ದಾನೆ. ಹುಲಿಯ ತಲೆ, ಬಾಯಲ್ಲಿ ಪೈಪು, ದೊರೆಯ ಠೀವಿ. ಪವಿತ್ರಗೊಳಿಸಿದ ಕ್ರಾಸ್‌ಬೋ ಬಾಣ ತಾಗಿದರೆ ಅಲ್ಲೇ ಸಾವು. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವನಿಗೆ ಇದು ಎಲ್ಲಿಯ ರಾಕ್ಷಸನಪ್ಪಾ ಅನ್ನಿಸಿತ್ತು. 1980ರಲ್ಲಿ ದೇವರುಗಳ ಪುಸ್ತಕ ಬಂತು. ಅದರಲ್ಲಿ ಇಂದ್ರ, ಅಗ್ನಿ, ವಿಷ್ಣು ಎಲ್ಲರಿಗೂ ಆರ್ಮರ್ ಕ್ಲಾಸ್, ಹಿಟ್ ಪಾಯಿಂಟ್! ಈ ವಿಷಯದಲ್ಲಿ ಹೊಸ ಪುಸ್ತಕಗಳೇ ಗೆದ್ದವು. 2022ರಲ್ಲಿ ಬಂದ ರೇಡಿಯಂಟ್ ಸಿಟಡೆಲ್ ಸಂಕಲನದಲ್ಲಿ 13 ಸಾಹಸಗಳಿವೆ. ಅದರಲ್ಲಿ ಮಿಮಿ ಮಂಡಲ್ ಬರೆದ ಒಂದು ಸಾಹಸ ಬಂಗಾಳದ ನದಿ ನಾಡಿನ ಹಿನ್ನೆಲೆಯದು. ಆ ನೆಲ ಗೊತ್ತಿರುವವರು ಬರೆದದ್ದು ಅಂತ ಓದುವಾಗಲೇ ತಿಳಿಯುತ್ತದೆ. ಹಳೆಯ ಕಾಲವೇ ಚೆನ್ನಾಗಿತ್ತು ಅನ್ನುವವರಿಗೆ ನಾನು ಇವೆರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸುತ್ತೇನೆ.

ಸಾಹಸ ಪುಸ್ತಕಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೆಯ ಮಾಡ್ಯೂಲ್ ಅಂದರೆ ಮೂವತ್ತು ಚಿಲ್ಲರೆ ಪುಟ. ಗೈಗ್ಯಾಕ್ಸ್ ಬರೆದ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್ ನೋಡಿ. ಒಂದು ಕೋಟೆ, ಒಂದು ಕಣಿವೆ, ಕಣಿವೆಯ ತುಂಬ ಗವಿಗಳು, ಒಂದೊಂದರಲ್ಲಿ ಒಂದೊಂದು ಗುಂಪು, ಅವುಗಳ ನಡುವೆ ಹಗೆ. ಕತೆ ಇಲ್ಲ, ಜಾಗ ಮಾತ್ರ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಇಷ್ಟೇ ಇಷ್ಟು, ಮಾತು ಪೂರ್ತಿ ಅರ್ಥಧಾರಿಯದ್ದು. ಇದೂ ಹಾಗೇ ನಡೆಯುತ್ತಿತ್ತು. ಈಗಿನ ದೊಡ್ಡ ಸಾಹಸ ಪುಸ್ತಕಗಳು 250 ಪುಟ ದಾಟುತ್ತವೆ. ಡಿಎಂ ಅದನ್ನು ಕಾದಂಬರಿಯ ಹಾಗೆ ಮೊದಲೇ ಓದಿ ನೆನಪಿಟ್ಟುಕೊಳ್ಳಬೇಕು. ಆಟಗಾರರು ದಾರಿ ತಪ್ಪಿದರೆ ಬೆವರಬೇಕು. ಡಿ ಆ್ಯಂಡ್ ಡಿ ಹೊರತರುವ ಕಂಪನಿಗೂ ಇದು ಅರ್ಥವಾಗಿರಬೇಕು. 2025ರ ಹೊಸ ಸ್ಟಾರ್ಟರ್ ಸೆಟ್ ಅದೇ ಹಳೆಯ ಬಾರ್ಡರ್‌ಲ್ಯಾಂಡ್ಸ್ ಕೋಟೆಗೆ ಹಿಂತಿರುಗಿದೆ. ನಿಮ್ಮ ಗುಂಪಿಗೆ ಹೊಸಬರು ಸೇರುವವರಿದ್ದರೆ ಮೂರು ದಪ್ಪ ಪುಸ್ತಕಕ್ಕಿಂತ ಆ ಪೆಟ್ಟಿಗೆಗೆ ದುಡ್ಡು ಹಾಕುವುದು ಮೇಲು.

ನಿಜವಾಗಿ ಖುಷಿ ಕೊಡುವ ಹೊಸ ಪುಸ್ತಕಗಳು ಈಗ ದೊಡ್ಡ ಕಂಪನಿಯ ಹೊರಗೆ ಬರುತ್ತಿವೆ. ಗ್ಯಾವಿನ್ ನಾರ್ಮನ್ ಅವರ ಓಲ್ಡ್ ಸ್ಕೂಲ್ ಎಸೆನ್ಶಿಯಲ್ಸ್ ಅಂದರೆ 1981ರ ನಿಯಮಗಳೇ, ಆದರೆ ಎಷ್ಟು ನೀಟಾಗಿ ಜೋಡಿಸಿದ್ದಾರೆ ಅಂದರೆ ಬೇಕಾದದ್ದು ಎದುರುಬದುರಿನ ಎರಡು ಪುಟದಲ್ಲಿ ಮುಗಿಯುತ್ತದೆ. ಕೆಲ್ಸಿ ಡಿಯಾನ್ ಅವರ ಶ್ಯಾಡೋಡಾರ್ಕ್ 2023ರಲ್ಲಿ, ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ, ಹತ್ತು ಲಕ್ಷ ಡಾಲರ್ ದಾಟಿತು. ಐದನೇ ಆವೃತ್ತಿ ಗೊತ್ತಿದ್ದವರು ಹದಿನೈದು ನಿಮಿಷದಲ್ಲಿ ಕಲಿಯಬಹುದು. ಅದರಲ್ಲಿ ಪಂಜು ಉರಿಯುವುದು ನಿಜವಾದ ಒಂದು ಗಂಟೆ. ಮೇಜಿನ ಮೇಲೆ ಫೋನಿನ ಟೈಮರ್ ಇಡಬೇಕು. ಆಟಗಾರರ ಪಾತ್ರಗಳಲ್ಲಿ ಒಬ್ಬರಿಗೂ ಡಾರ್ಕ್‌ವಿಷನ್ ಇಲ್ಲ. ಯೋಖಾಯ್ ಗಾಲ್ ಅವರ ಕೇರ್ನ್ ಇನ್ನೂ ಚಿಕ್ಕದು, ಪುಕ್ಕಟೆ ಬೇರೆ. ಅದರಲ್ಲಿ ಏಟು ತಪ್ಪುವುದೇ ಇಲ್ಲ, ನೇರವಾಗಿ ಡ್ಯಾಮೇಜ್ ದಾಳ. ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ, ಕತೆಯೇ ಮುಖ್ಯ ಅನ್ನುವವರಿಗೆ, 2025ರ ಡ್ಯಾಗರ್‌ಹಾರ್ಟ್ ಇದೆ. ಹನ್ನೆರಡು ಮುಖದ ಎರಡು ದಾಳ, ಒಂದು ಭರವಸೆಗೆ, ಒಂದು ಭಯಕ್ಕೆ. ನನ್ನ ರುಚಿಗೆ ಅದಲ್ಲ. ಪಾಥ್‌ಫೈಂಡರ್ ಬಗ್ಗೆ ಕೇಳುವವರಿರುತ್ತಾರೆ. ಲೆಕ್ಕ ಇಷ್ಟಪಡುವವರಿಗೆ ಒಳ್ಳೆಯ ಆಟ, ನಿಯಮಗಳೆಲ್ಲ ಆನ್‌ಲೈನ್‌ನಲ್ಲಿ ಪುಕ್ಕಟೆ.

ಡಿ ಆ್ಯಂಡ್ ಡಿ ನಿಯಮಗಳೂ ಪುಕ್ಕಟೆ ಅಂದೆನಲ್ಲ, ಅದು ಯಾರೂ ದಯೆಯಿಂದ ಕೊಟ್ಟದ್ದಲ್ಲ. 2023ರ ಜನವರಿಯಲ್ಲಿ ಕಂಪನಿ, ಬೇರೆಯವರೂ ಆಟದ ನಿಯಮ ಬಳಸಲು ಬಿಡುತ್ತಿದ್ದ ಹಳೆಯ ಮುಕ್ತ ಲೈಸೆನ್ಸನ್ನು ಬಿಗಿ ಮಾಡಲು ಹೊರಟ ಸುದ್ದಿ ಸೋರಿತು. ಆಟಗಾರರು ರೊಚ್ಚಿಗೆದ್ದರು. ಅದೇ ತಿಂಗಳ ಕೊನೆಗೆ ಕಂಪನಿ ಹಿಂದೆ ಸರಿದು ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಟ್ಟಿತು. 2024ರ ನಿಯಮಗಳ ಸಾರವೂ 2025ರಲ್ಲಿ ಎಸ್‌ಆರ್‌ಡಿ 5.2 ಅನ್ನುವ ಹೆಸರಿನಲ್ಲಿ ಹಾಗೆಯೇ ಬಂತು. ಎಲ್ಲ ಸಬ್‌ಕ್ಲಾಸ್‌ಗಳೂ ಅದರಲ್ಲಿಲ್ಲ, ಆದರೆ ಆಡಿ ನೋಡಿ ತೀರ್ಮಾನಿಸಲು ಧಾರಾಳ ಸಾಕು.

ಈಗ ನಿಮ್ಮ ಮುಂದಿನ ಶನಿವಾರಕ್ಕೆ. ನಿಮ್ಮ 2014ರ ಪುಸ್ತಕಗಳನ್ನೇ ಇಟ್ಟುಕೊಳ್ಳಿ. ಪ್ರಾಣಿಗಳ ಎಕ್ಸ್‌ಪಿಯನ್ನು ಹತ್ತರಲ್ಲಿ ಒಂದು ಭಾಗ ಮಾಡಿ. ಗಾಬ್ಲಿನ್ 50ರಿಂದ 5ಕ್ಕೆ ಬರುತ್ತದೆ, ನೋಡಿ, ಸರಿಯಾಗಿ 1981ರ ಅಂಕಿ. ಬದಲಿಗೆ ಸುರಕ್ಷಿತವಾಗಿ ಊರಿಗೆ ತಂದ ಪ್ರತಿ ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ ಕೊಡಿ. ಒಬ್ಬರು ಡಿಎಂ, ನಾಲ್ವರು ಆಟಗಾರರು ಅಂದುಕೊಂಡರೆ 1200 ನಾಣ್ಯ ತಂದಾಗ ತಲಾ 300 ಬಂದು ಎಲ್ಲರೂ ಎರಡನೇ ಲೆವೆಲ್. ಇಷ್ಟು ಚಿನ್ನ ಕೊಟ್ಟರೆ ಆಟ ಕೆಡುತ್ತದೆ ಅಂತ ಹೆದರಬೇಡಿ. ಒಂದು ಪ್ಲೇಟ್ ಆರ್ಮರ್‌ಗೇ 1500 ಬೇಕು. ರಿಯಾಕ್ಷನ್ ಮತ್ತು ಮೊರಾಲ್ ದಾಳಗಳನ್ನು ಮೇಲೆ ಹೇಳಿದ ಹಾಗೆಯೇ ಹಾಕಿ. ಧೈರ್ಯದ ಅಂಕಿ ಗೊತ್ತಿಲ್ಲದ ಪ್ರಾಣಿಗೆ 7 ಅಥವಾ 8 ಇಟ್ಟುಕೊಳ್ಳಿ. ಲಾಂಗ್ ರೆಸ್ಟ್ ಡಂಜನ್ ಒಳಗೆ ಇಲ್ಲ, ಊರಿನಲ್ಲಿ ಮಾತ್ರ. ಇದನ್ನು ಇನ್ನೂ ಬಿಗಿ ಮಾಡಬೇಕಾದರೆ ಶಾರ್ಟ್ ರೆಸ್ಟ್‌ಗೆ 8 ಗಂಟೆ, ಲಾಂಗ್ ರೆಸ್ಟ್‌ಗೆ 7 ದಿನ ಅನ್ನುವ ಐಚ್ಛಿಕ ನಿಯಮ ನಿಮ್ಮ 2014ರ ಗೈಡಿನಲ್ಲೇ ಇದೆ. ಮೊದಲ ಸೆಷನ್‌ನಲ್ಲಿ ಗೊಣಗಾಟ ಇರುತ್ತದೆ. ಆದ್ದರಿಂದ ನಡೆಯುತ್ತಿರುವ ಕ್ಯಾಂಪೇನ್‌ಗೆ ಇದನ್ನು ತುರುಕಬೇಡಿ. ಹೊಸ ಪಾತ್ರ, ಮೊದಲ ಲೆವೆಲ್, ಒಂದು ಚಿಕ್ಕ ಡಂಜನ್ ಇಟ್ಟುಕೊಂಡು ಶುರು ಮಾಡಿ.

ಹಟ ಹಿಡಿದ ಇಬ್ಬರು ಗೆಳೆಯರು ಅಷ್ಟಕ್ಕೂ ಬಿಡದೆ ಹೊಸ ಹ್ಯಾಂಡ್‌ಬುಕ್ ತಂದರೆ ತರಲಿ. ಎರಡೂ ಒಂದೇ ಮೇಜಿನಲ್ಲಿ ನಡೆಯುತ್ತವೆ. ಒಂದು ಎಚ್ಚರಿಕೆ ಮಾತ್ರ: ಒಂದೇ ಮಂತ್ರ ಎರಡು ಪುಸ್ತಕದಲ್ಲಿ ಬೇರೆ ಬೇರೆಯಾಗಿದ್ದರೆ ಎಲ್ಲರಿಗೂ ಹೊಸದನ್ನೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹೀಲಿಂಗ್ ವರ್ಡ್ ಬಂದಾಗಲೆಲ್ಲ ಆಟ ನಿಂತು ಪಂಚಾಯಿತಿ ಶುರುವಾಗುತ್ತದೆ.